ಸಕ್ಕರೆ, ಸೈಕಲ್ಲು ಮತ್ತು ನಾನು ಮಾಡಿದ ಒಂದು ತಪ್ಪು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಏಕವಚನದಲ್ಲಿ ಬರೆಯುತ್ತಿರುವುದು ಕೇವಲ ಅಭ್ಯಾಸಬಲದಿಂದ. ಈಗ ಆತನೂ ಅರವತ್ತು ದಾಟಿದ ಹಿರಿಯ. ಕಾಫಿ ಕುಡಿಯುತ್ತಾ ಅದೂ ಇದೂ ಮಾತನಾಡಿದ ಮೇಲೆ ತನ್ನ ಮಗನ ವಿಷಯ ತೆಗೆದ. ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಭಾನುವಾರ ಬಂತೆಂದರೆ ಬೆಳಗಿನ ಜಾವಕ್ಕೇ ಎದ್ದು ಗೆಳೆಯರೊಡನೆ ನಂದಿ ಬೆಟ್ಟದವರೆಗೆ ಸೈಕಲ್ ತುಳಿಯುತ್ತಾನಂತೆ. ಎರಡು ತಿಂಗಳ ಹಿಂದೆ ಆರೋಗ್ಯದ ದೃಷ್ಟಿಯಿಂದ ಸಕ್ಕರೆಯನ್ನು ಬಿಟ್ಟ. ಅಷ್ಟಕ್ಕೇ ನಿಲ್ಲದೆ ಅನ್ನ, ಮುದ್ದೆ, ಚಪಾತಿ, ಹಣ್ಣುಗಳನ್ನೂ ಹೆಚ್ಚುಕಡಿಮೆ ಬಿಟ್ಟೇಬಿಟ್ಟ. ತೂಕ ಇಳಿಯಿತು, ಹೊಟ್ಟೆ ಕರಗಿತು. ಆದರೆ ಬೆಟ್ಟದ ಏರು ಆರಂಭವಾಗುತ್ತಿದ್ದಂತೆಯೇ ಕಾಲುಗಳಲ್ಲಿ ಶಕ್ತಿಯೇ ಉಳಿಯುವುದಿಲ್ಲವಂತೆ. "ಸಕ್ಕರೆ ಬಿಟ್ಟರೆ ಸೈಕಲ್ ತುಳಿಯುವ ಬಲ ಕುಂದುತ್ತದೆಯೇ ಮೇಷ್ಟ್ರೇ? ನೀವು ವಿಜ್ಞಾನ ಪಾಠ ಮಾಡಿದವರು, ನಿಮಗೆ ಗೊತ್ತಿರಬೇಕು" ಎಂದು ಆತ ಕೇಳಿದ.

ಆತ ಸಹಜವಾಗಿಯೇ ಕೇಳಿದ. ಆದರೆ ನನ್ನ ಎದೆಯೊಳಗೆ ಏನೋ ಚುಚ್ಚಿದಂತಾಯಿತು. ಏಕೆಂದರೆ ಇದೇ ಪ್ರಶ್ನೆಗೆ 1976ರಲ್ಲಿ ನಾನು ಒಂದು ಉತ್ತರ ಕೊಟ್ಟಿದ್ದೆ. ಆ ಉತ್ತರದ ಫಲವನ್ನು ಅನುಭವಿಸಿದವನು ಎದುರಿಗೆ ಕುಳಿತಿದ್ದ ಇವನೇ.

ಆಗ ನಾನು ಬಯಲುಸೀಮೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ತರುಣ ಉಪಾಧ್ಯಾಯ. ಈ ಹುಡುಗ ದಿನವೂ ಹದಿನಾಲ್ಕು ಕಿಲೋಮೀಟರ್ ದೂರದ ತನ್ನ ಹಳ್ಳಿಯಿಂದ ಅಪ್ಪನ ಹಳೆಯ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಿದ್ದ. ಆ ವರ್ಷದ ಫೆಬ್ರವರಿಯಲ್ಲಿ ತಾಲ್ಲೂಕಿನ ಶಾಲೆಗಳಿಗೆ 48 ಕಿಲೋಮೀಟರ್‌ಗಳ ಸೈಕಲ್ ಸ್ಪರ್ಧೆಯೊಂದು ಏರ್ಪಾಡಾಯಿತು. ನಮ್ಮ ಶಾಲೆಯ ಗೌರವವೆಲ್ಲ ಅವನ ಮೇಲೆಯೇ ನಿಂತಿತ್ತು. ಅವನನ್ನು 'ತಯಾರು' ಮಾಡುವ ಹೊಣೆಯನ್ನು ನಾನೇ ವಹಿಸಿಕೊಂಡೆ. ಸಿಹಿ ತಿಂದರೆ ಮೈ ಭಾರವಾಗುತ್ತದೆ, ಹೊಟ್ಟೆ ತುಂಬ ಉಂಡರೆ ಆಲಸ್ಯ ಹೆಚ್ಚುತ್ತದೆ, ಸಂಯಮದಿಂದಲೇ ಶಕ್ತಿ ಹುಟ್ಟುತ್ತದೆ ಎಂಬುದು ಆಗ ನನ್ನ ದೃಢವಾದ ನಂಬಿಕೆ. ಒಂದು ವಾರ ಸಕ್ಕರೆ, ಬೆಲ್ಲಗಳನ್ನು ಮುಟ್ಟಬಾರದೆಂದೂ, ಮುದ್ದೆ ಮತ್ತು ಅನ್ನವನ್ನು ಅರ್ಧಕ್ಕೂ ಕಡಿಮೆ ಮಾಡಿ ಬದಲಿಗೆ ಕಡಲೆಕಾಯಿ, ಕೊಬ್ಬರಿ, ಬೆಣ್ಣೆಗಳನ್ನು ತಿನ್ನಬೇಕೆಂದೂ, ಸ್ಪರ್ಧೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊರಡಬೇಕೆಂದೂ ಕಟ್ಟಪ್ಪಣೆ ಮಾಡಿದೆ. ಹುಡುಗ ಒಂದು ಮಾತೂ ಆಡದೆ ಪಾಲಿಸಿದ.

ಸ್ಪರ್ಧೆಯ ದಿನ ದೈಹಿಕ ಶಿಕ್ಷಕರ ಮೋಟಾರ್ ಸೈಕಲ್ಲಿನ ಹಿಂಬದಿಯಲ್ಲಿ ಕುಳಿತು ನಾನೂ ಹಿಂಬಾಲಿಸಿದೆ. ಮೂವತ್ತು ಕಿಲೋಮೀಟರ್‌ವರೆಗೆ ಅವನೇ ಮುಂದು. ಅನಂತರ ಕೆರೆ ಏರಿಯ ಆಚೆಯ ದಿಣ್ಣೆಯಲ್ಲಿ ಸೈಕಲ್ಲು ಓಲಾಡತೊಡಗಿತು. ಹುಡುಗ ಇಳಿದು ಹೊಂಗೆಯ ಮರದ ಕೆಳಗೆ ಕುಳಿತುಬಿಟ್ಟ. ಮುಖ ಬಿಳಿಚಿಕೊಂಡಿತ್ತು, ಮೈಯೆಲ್ಲ ತಣ್ಣನೆಯ ಬೆವರು, ಕೈಗಳು ನಡುಗುತ್ತಿದ್ದವು. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದ. ಪಕ್ಕದ ಹೊಲದಲ್ಲಿ ಆಲೆಮನೆ ನಡೆದಿತ್ತು. ಅಲ್ಲಿದ್ದ ವೃದ್ಧೆಯೊಬ್ಬಳು ಓಡಿಬಂದು, ನನ್ನ ಅಪ್ಪಣೆಯನ್ನು ಕಾಯದೆ, ಒಂದು ಲೋಟ ಕಬ್ಬಿನ ಹಾಲು ಕುಡಿಸಿ ಅಂಗೈಯಲ್ಲಿ ಬೆಲ್ಲದ ಮುದ್ದೆಯಿಟ್ಟಳು. ಕಾಲು ಗಂಟೆಯಲ್ಲಿ ಹುಡುಗ ಎದ್ದ. ನಿಧಾನವಾಗಿ ತುಳಿದು ಎಲ್ಲರಿಗಿಂತ ಕೊನೆಯವನಾಗಿ ಗುರಿ ಮುಟ್ಟಿದ.

ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ, ಇಡೀ ಶಾಲೆಯ ಎದುರಿಗೆ, ನಾನು ಅವನನ್ನು ನಿಲ್ಲಿಸಿಕೊಂಡು ಹೇಳಿದ ಮಾತು ಇಂದಿಗೂ ನೆನಪಿದೆ: "ಸೋತದ್ದು ಇವನ ಕಾಲುಗಳಲ್ಲ, ಇವನ ಮನಸ್ಸು." ಆತ ತಲೆತಗ್ಗಿಸಿ ನಿಂತಿದ್ದ.

ಹೀಗೆ ಮಗನ ಪ್ರಶ್ನೆಯ ನೆಪದಲ್ಲಿ ನಾನು ಮತ್ತೆ ವಿದ್ಯಾರ್ಥಿಯಾಗಬೇಕಾಯಿತು. ಓದುತ್ತಾ ಹೋದಂತೆ ಒಂದು ವಿಚಾರ ಬೆರಗು ಹುಟ್ಟಿಸಿತು. ಸಕ್ಕರೆಗೂ ದೇಹಶ್ರಮಕ್ಕೂ ಇರುವ ಸಂಬಂಧವನ್ನು ಮನುಷ್ಯನು ಬಹುಮಟ್ಟಿಗೆ ಕಂಡುಕೊಂಡದ್ದು ಸೈಕಲ್ಲಿನ ಮೇಲೆಯೇ! ಆ ಇತಿಹಾಸವನ್ನು ನಿಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಸ್ನಾಯುಗಳು ದುಡಿಯುವಾಗ ತಮ್ಮದೇ ಮಾಂಸವನ್ನು, ಅಂದರೆ ಪ್ರೋಟೀನನ್ನು, ಸುಟ್ಟುಕೊಳ್ಳುತ್ತವೆ ಎಂಬ ಅಭಿಪ್ರಾಯ ಪ್ರಬಲವಾಗಿತ್ತು. ಜರ್ಮನಿಯ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ ಈ ವಾದದ ಪ್ರತಿಪಾದಕ. ದುಡಿಯುವವನು ಮಾಂಸ ತಿನ್ನಬೇಕು ಎಂಬ ಉಪದೇಶಕ್ಕೆ ಇದೇ ಆಧಾರ. 1865ರ ಆಗಸ್ಟ್ ತಿಂಗಳಲ್ಲಿ ಅಡಾಲ್ಫ್ ಫಿಕ್ ಮತ್ತು ಯೊಹಾನೆಸ್ ವಿಸ್ಲಿಸೇನುಸ್ ಎಂಬ ಇಬ್ಬರು ಪ್ರಾಧ್ಯಾಪಕರು ಇದನ್ನು ಪರೀಕ್ಷಿಸಲು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಪರ್ವತವನ್ನು ಹತ್ತಿದರು. ಸರೋವರದ ದಡದಿಂದ ಶಿಖರಕ್ಕೆ 1956 ಮೀಟರ್ ಏರು. ಪ್ರೋಟೀನ್ ಇಲ್ಲದ ಆಹಾರವನ್ನಷ್ಟೇ, ಅಂದರೆ ಕೊಬ್ಬಿನಲ್ಲಿ ಕರಿದ ಪಿಷ್ಟದ ರೊಟ್ಟಿ ಮತ್ತು ಸಕ್ಕರೆ ಹಾಕಿದ ಚಹಾವನ್ನು ಸೇವಿಸಿ ತಮ್ಮ ಮೂತ್ರದಲ್ಲಿನ ಸಾರಜನಕವನ್ನು ಅಳೆದರು. ಪ್ರೋಟೀನ್ ಉರಿದರೆ ಸಾರಜನಕ ಹೊರಬೀಳಲೇಬೇಕಷ್ಟೆ? ಹೊರಬಿದ್ದ ಸಾರಜನಕದಿಂದ ಲೆಕ್ಕ ಹಾಕಿದರೆ ಅವರು ಬೆಟ್ಟ ಹತ್ತಿದ ಕೆಲಸಕ್ಕೆ ಆ ಪ್ರೋಟೀನ್ ಸಾಲುತ್ತಿರಲಿಲ್ಲ. ಹಾಗಾದರೆ ಅವರನ್ನು ಮೇಲಕ್ಕೆ ಒಯ್ದದ್ದು ಪಿಷ್ಟ, ಸಕ್ಕರೆ ಮತ್ತು ಕೊಬ್ಬು ಎಂದಾಯಿತು.

ಇದಕ್ಕೆ ಕೆಲವೇ ವರ್ಷಗಳ ಮುಂಚೆ, 1857ರಲ್ಲಿ, ಫ್ರಾನ್ಸಿನ ಕ್ಲೋಡ್ ಬರ್ನಾರ್ ಯಕೃತ್ತಿನಿಂದ ಒಂದು ಪಿಷ್ಟದಂತಹ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಗ್ಲೈಕೋಜೆನ್ ಎಂದು ಹೆಸರಿಟ್ಟಿದ್ದ. ಸಕ್ಕರೆಯನ್ನು ಹುಟ್ಟಿಸುವುದು ಎಂದು ಆ ಪದದ ಅರ್ಥ. ನಾವು ತಿಂದ ಅನ್ನವಾಗಲಿ, ಮುದ್ದೆಯಾಗಲಿ, ಬೆಲ್ಲವಾಗಲಿ ಜೀರ್ಣವಾಗಿ ಬಹುಪಾಲು ಗ್ಲೂಕೋಸಾಗುತ್ತದೆ. ಒಡನೆ ಬೇಕಿಲ್ಲದ್ದನ್ನು ದೇಹವು ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಆದರೆ ಈ ಕಣಜ ದೊಡ್ಡದೇನಲ್ಲ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಎಲ್ಲ ಸ್ನಾಯುಗಳಲ್ಲಿ ಸೇರಿ ಸುಮಾರು 400 ಗ್ರಾಂ. ರಕ್ತದಲ್ಲಿ ಸಂಚರಿಸುವ ಗ್ಲೂಕೋಸಂತೂ ಒಂದು ಚಮಚದಷ್ಟು, ನಾಲ್ಕೈದು ಗ್ರಾಂ ಮಾತ್ರ. ಕೊಬ್ಬಿನ ಸಂಗ್ರಹವಾದರೋ ತೆಳ್ಳಗಿನ ಮನುಷ್ಯನಲ್ಲಿಯೂ ಹಲವು ಕಿಲೋಗಳಷ್ಟಿರುತ್ತದೆ. ಹಾಗಿದ್ದ ಮೇಲೆ ಕೊಬ್ಬನ್ನೇ ಉರಿಸಿ ಎಷ್ಟು ದೂರವಾದರೂ ಹೋಗಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಈ ಪ್ರಶ್ನೆಯನ್ನು ಸೈಕಲ್ಲಿನ ಮೇಲೆ ಕೂರಿಸಿದವರು ಡೆನ್ಮಾರ್ಕಿನವರು.

ಕೋಪನ್‌ಹೇಗನ್ನಿನ ಔಗುಸ್ಟ್ ಕ್ರೋಗ್ ಅವರು ಎಲ್ಲಿಗೂ ಹೋಗದ ಸೈಕಲ್ಲೊಂದನ್ನು ನಿರ್ಮಿಸಿದ್ದರು. ನೆಲಕ್ಕೆ ಬಿಗಿದ ಆ ಸೈಕಲ್ಲಿನ ಚಕ್ರಕ್ಕೆ ವಿದ್ಯುತ್ ಕಾಂತದ ತಡೆಯಿದ್ದುದರಿಂದ ತುಳಿಯುವವನು ಎಷ್ಟು ಕೆಲಸ ಮಾಡಿದನೆಂದು ನಿಖರವಾಗಿ ಅಳೆಯಬಹುದಾಗಿತ್ತು. ಅದಕ್ಕೆ ಎರ್ಗೋಮೀಟರ್ ಎಂದು ಹೆಸರು. ತುಳಿಯುವವನ ಉಸಿರನ್ನೂ ಅವರು ಅಳೆಯುತ್ತಿದ್ದರು. ದೇಹವು ಸಕ್ಕರೆಯನ್ನು ಉರಿಸುವಾಗ ಒಳಗೆಳೆದುಕೊಂಡ ಆಮ್ಲಜನಕದಷ್ಟೇ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಕೊಬ್ಬನ್ನು ಉರಿಸುವಾಗ ಆಮ್ಲಜನಕದ ಹತ್ತರಲ್ಲಿ ಏಳು ಪಾಲಿನಷ್ಟು ಮಾತ್ರ. ಹೀಗೆ ಉಸಿರನ್ನು ನೋಡಿಯೇ ಒಳಗಿನ ಒಲೆಯಲ್ಲಿ ಯಾವ ಸೌದೆ ಉರಿಯುತ್ತಿದೆ ಎಂದು ಹೇಳಬಹುದು. 1920ರಲ್ಲಿ, ಅಂದರೆ ಕ್ರೋಗ್ ಅವರಿಗೆ ನೊಬೆಲ್ ಬಹುಮಾನ ಬಂದ ವರ್ಷವೇ, ಅವರು ಮತ್ತು ಯೊಹಾನೆಸ್ ಲಿಂಡ್‌ಹಾರ್ಡ್ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕೊಬ್ಬನ್ನು ನೆಚ್ಚಿ ತುಳಿದಾಗ ಅದೇ ಕೆಲಸಕ್ಕೆ ಸುಮಾರು ಶೇಕಡ 11ರಷ್ಟು ಹೆಚ್ಚು ಶಕ್ತಿ ವ್ಯಯವಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಶರ್ಕರಪಿಷ್ಟ (ಈಗಿನವರು ಕಾರ್ಬೋಹೈಡ್ರೇಟ್ ಎನ್ನುವುದು) ಕಡಿಮೆಯಾಗಿ ಕೊಬ್ಬೇ ಹೆಚ್ಚಾಗಿದ್ದ ಆಹಾರವನ್ನು ಉಂಡವರು ಬೇಗ ದಣಿಯುತ್ತಿದ್ದರು.

ಇದೇ ಕ್ರೋಗ್ ದಂಪತಿಗಳ ಹೆಸರು ಸಕ್ಕರೆಯ ಇನ್ನೊಂದು ಕಥೆಯಲ್ಲೂ ಬರುತ್ತದೆ. ವೈದ್ಯೆಯಾಗಿದ್ದ ಅವರ ಪತ್ನಿ ಮರೀ ಕ್ರೋಗ್ ಅವರಿಗೆ ಮಧುಮೇಹವಿತ್ತು. 1922ರಲ್ಲಿ ಅಮೆರಿಕದ ಪ್ರವಾಸದಲ್ಲಿದ್ದಾಗ ಕೆನಡಾದ ಟೊರೊಂಟೊದಲ್ಲಿ ಇನ್ಸುಲಿನ್ ತಯಾರಾಗುತ್ತಿರುವ ಸುದ್ದಿ ತಿಳಿದು, ಕ್ರೋಗ್ ಅಲ್ಲಿಗೆ ಹೋಗಿ ಅದನ್ನು ಡೆನ್ಮಾರ್ಕಿನಲ್ಲಿ ತಯಾರಿಸುವ ಅನುಮತಿ ಪಡೆದು ಬಂದರು. ಇನ್ಸುಲಿನ್ ಬಳಕೆಗೆ ಬಂದ ಮೇಲೆ ವೈದ್ಯರು ಒಂದು ಹೊಸ ಸ್ಥಿತಿಯನ್ನು ಗುರುತಿಸಲು ಕಲಿತರು. ಔಷಧ ಹೆಚ್ಚಾಗಿ ರಕ್ತದ ಸಕ್ಕರೆ ಅತಿಯಾಗಿ ಇಳಿದಾಗ ರೋಗಿಯು ಬಿಳಿಚಿಕೊಂಡು, ಬೆವರಿ, ನಡುಗಿ, ಅಸಂಬದ್ಧವಾಗಿ ಮಾತನಾಡುತ್ತಿದ್ದ. 1924ರ ಬೋಸ್ಟನ್ ಮ್ಯಾರಥಾನಿನ ಕೊನೆಯಲ್ಲಿ ಅಲ್ಲಿನ ವೈದ್ಯರು ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ, ಕುಸಿಯುವ ಸ್ಥಿತಿಯಲ್ಲಿ ಬಂದವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿರುವುದನ್ನೂ, ಅವರ ಲಕ್ಷಣಗಳು ಇನ್ಸುಲಿನ್ ಹೆಚ್ಚಾದವರನ್ನೇ ಹೋಲುವುದನ್ನೂ ಕಂಡರು. ಮರುವರ್ಷ ಓಟಗಾರರಿಗೆ ಮೊದಲೇ ಪಿಷ್ಟದ ಊಟ ಹಾಕಿಸಿ ದಾರಿಯಲ್ಲಿ ಸಕ್ಕರೆಮಿಠಾಯಿ ತಿನ್ನಿಸಿದಾಗ ಅವರ ಸ್ಥಿತಿ ಎಷ್ಟೋ ಉತ್ತಮವಾಗಿತ್ತು.

ಇದನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಬಿಳಿಚಿದ ಮುಖ, ತಣ್ಣನೆಯ ಬೆವರು, ನಡುಗುವ ಕೈ, ಅಸಂಬದ್ಧ ಉತ್ತರ. ಹೊಂಗೆಯ ಮರದ ಕೆಳಗೆ ನಾನು ಕಂಡದ್ದು ಅದನ್ನೇ ಅಲ್ಲವೇ?

1939ರಲ್ಲಿ ಕೋಪನ್‌ಹೇಗನ್ನಿನಲ್ಲಿಯೇ ಎರಿಕ್ ಹೋಹ್ವೂ ಕ್ರಿಸ್ಟೆನ್ಸನ್ ಮತ್ತು ಓವೆ ಹ್ಯಾನ್ಸನ್ ಈ ಪರೀಕ್ಷೆಯನ್ನು ಇನ್ನೂ ಮುಂದಕ್ಕೆ ಒಯ್ದರು. ಕೆಲವು ದಿನ ಕೊಬ್ಬು ಹೆಚ್ಚಿರುವ ಆಹಾರ, ಇನ್ನು ಕೆಲವು ದಿನ ಶರ್ಕರಪಿಷ್ಟ ಹೆಚ್ಚಿರುವ ಆಹಾರ ತಿನ್ನಿಸಿ, ಸಾಕಾಗಿ ನಿಲ್ಲುವವರೆಗೂ ಸೈಕಲ್ ತುಳಿಯಹೇಳಿದರು. ಕೊಬ್ಬಿನ ಆಹಾರ ಉಂಡಾಗ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಸೋತವರು, ಶರ್ಕರಪಿಷ್ಟದ ಆಹಾರ ಉಂಡಾಗ ಮೂರು ಗಂಟೆಗೂ ಮೀರಿ ತುಳಿದರು. ದಣಿದು ರಕ್ತದ ಸಕ್ಕರೆ ಇಳಿದವರಿಗೆ ಗ್ಲೂಕೋಸ್ ಕುಡಿಸಿದಾಗ ಅವರು ಚೇತರಿಸಿಕೊಂಡು ಇನ್ನಷ್ಟು ಹೊತ್ತು ತುಳಿಯಬಲ್ಲವರಾದರು. ದಣಿವು ಕಾಲಿನದು ಮಾತ್ರವಲ್ಲ, ಸಕ್ಕರೆಯ ಕೊರತೆಯನ್ನು ಮೊದಲು ಅನುಭವಿಸುವುದು ಮಿದುಳು ಎಂದು ಅವರು ತರ್ಕಿಸಿದರು.

ಇಷ್ಟಾದರೂ ದುಡಿಯುತ್ತಿರುವ ಸ್ನಾಯುವಿನ ಒಳಗೆ ಏನಾಗುತ್ತಿದೆ ಎಂಬುದನ್ನು ಕಣ್ಣಾರೆ ಕಂಡವರಿರಲಿಲ್ಲ. ಆ ಬಾಗಿಲನ್ನು ತೆರೆದವರು ಸ್ವೀಡನ್ನಿನವರು. ಯೋನಾಸ್ ಬೆರ್ಯ್‌ಸ್ಟ್ರೂಮ್ ಎಂಬ ವೈದ್ಯರು ಜೀವಂತ ಮನುಷ್ಯನ ಸ್ನಾಯುವಿನಿಂದ ಕಾಳಿನಷ್ಟು ಚೂರನ್ನು ಹೊರತೆಗೆಯಬಲ್ಲ ಸೂಜಿಯನ್ನು 1962ರ ವೇಳೆಗೆ ಬಳಕೆಗೆ ತಂದಿದ್ದರು. ಅವರೂ ಎರಿಕ್ ಹುಲ್ಟ್‌ಮನ್ ಅವರೂ 1966ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಸೇವೆಯಲ್ಲಿದ್ದಾಗ ಅರಿತಿದ್ದರೆ ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಒಂದೇ ಎರ್ಗೋಮೀಟರಿನ ಎರಡು ಬದಿಗಳಲ್ಲಿ ಇಬ್ಬರೂ ಕುಳಿತು, ತಲಾ ಒಂದೊಂದು ಕಾಲಿನಿಂದ ಪೂರ್ತಿ ದಣಿಯುವವರೆಗೆ ತುಳಿದರು. ಒಬ್ಬರ ಎಡಗಾಲು, ಇನ್ನೊಬ್ಬರ ಬಲಗಾಲು. ಮತ್ತೊಂದು ಕಾಲಿಗೆ ವಿಶ್ರಾಂತಿ. ಆಮೇಲೆ ಮೂರು ದಿನ ಪಿಷ್ಟ ಹೆಚ್ಚಿರುವ ಆಹಾರವನ್ನು ಉಂಡು ಎರಡೂ ಕಾಲುಗಳಿಂದ ಚೂರು ತೆಗೆದು ನೋಡಿದರು. ದಣಿದ ಕಾಲಿನ ಗ್ಲೈಕೋಜೆನ್ ಮತ್ತೆ ತುಂಬಿದ್ದಷ್ಟೇ ಅಲ್ಲ, ವಿಶ್ರಾಂತಿ ಪಡೆದ ಕಾಲಿನದಕ್ಕಿಂತ ಎರಡು ಪಟ್ಟಿನಷ್ಟಾಗಿತ್ತು! ಬತ್ತಿದ ಕೆರೆಯ ಹೂಳೆತ್ತಿದರೆ ಮುಂದಿನ ಮಳೆಗೆ ಹೆಚ್ಚು ನೀರು ಹಿಡಿಯುವ ಹಾಗೆ.

ಮರುವರ್ಷ, 1967ರಲ್ಲಿ, ಇವರಿಬ್ಬರೂ ಲಾರ್ಸ್ ಹರ್ಮಾನ್ಸನ್ ಮತ್ತು ಬೆಂಗ್ಟ್ ಸಾಲ್ಟಿನ್ ಅವರೊಡನೆ ಸೇರಿ ಇಡೀ ಪ್ರಶ್ನೆಗೆ ಸಂಖ್ಯೆಗಳಲ್ಲಿ ಉತ್ತರ ಕೊಟ್ಟರು. ತುಳಿಯುವವನ ಗರಿಷ್ಠ ಸಾಮರ್ಥ್ಯದ ಸುಮಾರು ಮುಕ್ಕಾಲು ಪಾಲಿನ ಶ್ರಮದಲ್ಲಿ, ಸಾಧಾರಣ ಮಿಶ್ರ ಆಹಾರ ಉಂಡವರು ಸರಾಸರಿ 114 ನಿಮಿಷ ತುಳಿದರು. ಶರ್ಕರಪಿಷ್ಟವನ್ನು ತೀರ ಕಡಿಮೆ ಮಾಡಿದಾಗ ಅದೇ ಜನರು 57 ನಿಮಿಷಕ್ಕೇ ನಿಂತರು. ಶರ್ಕರಪಿಷ್ಟ ಹೆಚ್ಚಿಸಿದಾಗ 167 ನಿಮಿಷ ನಡೆಸಿದರು. ಸ್ನಾಯುವಿನ ಚೂರುಗಳು ಹೇಳಿದ್ದೂ ಅದನ್ನೇ: ಕಣಜದಲ್ಲಿ ಎಷ್ಟು ಗ್ಲೈಕೋಜೆನ್ ಇತ್ತೋ ಅಷ್ಟು ಹೊತ್ತು ಕಾಲು ದುಡಿಯಿತು. ಮನುಷ್ಯರು ಅವರೇ, ಛಲವೂ ಅದೇ, ಸೈಕಲ್ಲೂ ಅದೇ. ಬದಲಾದದ್ದು ಹಿಂದಿನ ದಿನಗಳ ಊಟ ಮಾತ್ರ.

ಕೊಬ್ಬು ಅಷ್ಟು ಹೇರಳವಾಗಿದ್ದರೂ ಏಕೆ ಹೀಗೆ? ತರಗತಿಯಲ್ಲಾಗಿದ್ದರೆ ಕಪ್ಪುಹಲಗೆಯ ಮೇಲೆ ಎರಡು ಒಲೆಗಳ ಚಿತ್ರ ಬರೆಯುತ್ತಿದ್ದೆ. ಒಂದು ಲೀಟರ್ ಆಮ್ಲಜನಕದಿಂದ ಸಕ್ಕರೆಯನ್ನು ಉರಿಸಿದರೆ ಸುಮಾರು 5 ಕಿಲೋ ಕ್ಯಾಲೊರಿ, ಕೊಬ್ಬನ್ನು ಉರಿಸಿದರೆ ಸುಮಾರು 4.7 ಕಿಲೋ ಕ್ಯಾಲೊರಿ ದೊರೆಯುತ್ತದೆ. ನಿಧಾನವಾಗಿ ತುಳಿಯುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬಾರದು. ಆದರೆ ಬೆಟ್ಟದ ಏರಿನಲ್ಲಿ ಏದುಸಿರು ಬರುತ್ತಿರುವಾಗ ಪ್ರತಿಯೊಂದು ಉಸಿರೂ ಅಮೂಲ್ಯ. ಮೇಲಾಗಿ ಕೊಬ್ಬು ಕರಗಿ, ಸಾಗಿ, ಉರಿಯುವ ವೇಗಕ್ಕೆ ಮಿತಿಯಿದೆ. ಕೊಬ್ಬು ದಪ್ಪ ಕೊರಡಿನಂತೆ, ಇಡೀ ರಾತ್ರಿ ಉರಿಯುತ್ತದೆ. ಸಕ್ಕರೆ ಚಕ್ಕೆಸೌದೆಯಂತೆ, ಬೇಕೆಂದಾಗ ಭುಗ್ಗೆಂದು ಹೊತ್ತಿಕೊಳ್ಳುತ್ತದೆ.

ಆದರೆ ವಿಜ್ಞಾನದ ಇತಿಹಾಸ ಒಂದೇ ಪಕ್ಷದ ವಾದವಲ್ಲ. 1983ರಲ್ಲಿ ಅಮೆರಿಕದ ಸ್ಟೀಫನ್ ಫಿನ್ನಿ ಮತ್ತು ಸಂಗಡಿಗರು ಒಂದು ಆಕ್ಷೇಪವನ್ನು ಮುಂದಿಟ್ಟರು. ಕೆಲವೇ ದಿನ ಪಿಷ್ಟ ಬಿಡಿಸಿ ಪರೀಕ್ಷಿಸಿದರೆ ದೇಹಕ್ಕೆ ಹೊಂದಿಕೊಳ್ಳಲು ಕಾಲವೆಲ್ಲಿ? ಅವರು ನುರಿತ ಐವರು ಸೈಕಲ್ ಸವಾರರಿಗೆ ನಾಲ್ಕು ವಾರ, ದಿನಕ್ಕೆ 20 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟವಿರುವ ಆಹಾರ ಕೊಟ್ಟರು. ಮಧ್ಯಮ ವೇಗದಲ್ಲಿ ದಣಿಯುವವರೆಗೆ ತುಳಿದ ಸರಾಸರಿ ಕಾಲ ಮೊದಲು 147 ನಿಮಿಷ, ನಾಲ್ಕು ವಾರಗಳ ನಂತರ 151 ನಿಮಿಷ. ಏನೂ ನಷ್ಟವಾಗಿರಲಿಲ್ಲ! ದೇಹವು ಕೊಬ್ಬನ್ನು ಉರಿಸಲು ಕಲಿತಿತ್ತು. ಆದರೆ ಪರೀಕ್ಷೆಗೆ ಒಳಗಾದವರು ಐದೇ ಜನ, ಅವರಲ್ಲಿ ಕೆಲವರು ಸುಧಾರಿಸಿದರು, ಕೆಲವರು ಹಿಂದೆ ಬಿದ್ದರು, ವೇಗವೂ ಸಾಧಾರಣದ್ದು. 2006ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ಪ್ರಯೋಗವೊಂದು ಇದರ ಇನ್ನೊಂದು ಮುಖವನ್ನು ತೋರಿಸಿತು. ಕೊಬ್ಬಿನ ಆಹಾರಕ್ಕೆ ಹೊಂದಿಕೊಂಡ ಸವಾರರು 100 ಕಿಲೋಮೀಟರ್ ದೂರವನ್ನು ಹೆಚ್ಚುಕಡಿಮೆ ಅಷ್ಟೇ ಕಾಲದಲ್ಲಿ ಕ್ರಮಿಸಿದರೂ, ನಡುನಡುವೆ ಒಂದು ಕಿಲೋಮೀಟರ್ ದೂರ ಜೋರಾಗಿ ತುಳಿಯಬೇಕಾಗಿ ಬಂದಾಗ ಅವರ ಬಲ ಕುಗ್ಗಿತ್ತು.

ಸವಾರಿಯ ನಡುವೆ ಸಕ್ಕರೆ ಸೇವಿಸಿದರೆ ಏನಾಗುತ್ತದೆ ಎಂಬುದನ್ನು 1986ರಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ತೋರಿಸಿದರು. ಬರಿಯ ರುಚಿನೀರು ಕುಡಿದವರು ಸುಮಾರು ಮೂರು ಗಂಟೆಗೆ ದಣಿದರೆ, ಶರ್ಕರಪಿಷ್ಟ ಬೆರೆಸಿದ ಪಾನೀಯ ಕುಡಿದ ಅದೇ ಸವಾರರು ನಾಲ್ಕು ಗಂಟೆ ತುಳಿದರು. ವೃದ್ಧೆಯ ಕಬ್ಬಿನ ಹಾಲಿಗೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಕೆ?

ಎಲ್ಲಕ್ಕಿಂತ ಸೋಜಿಗದ ಪ್ರಯೋಗ 2004ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಡೆಯಿತು. ಸುಮಾರು ಒಂದು ಗಂಟೆಯ ಸ್ಪರ್ಧೆಯಂಥ ಸವಾರಿಯಲ್ಲಿ ಸವಾರರು ರುಚಿಯಿಲ್ಲದ ಒಂದು ಶರ್ಕರಪಿಷ್ಟದ ದ್ರಾವಣವನ್ನು ಬಾಯಲ್ಲಿ ಮುಕ್ಕಳಿಸಿ ಉಗುಳಿದರು, ನುಂಗಲಿಲ್ಲ. ಆದರೂ ಬರಿ ನೀರು ಮುಕ್ಕಳಿಸಿದಾಗಿನದಕ್ಕಿಂತ ಶೇಕಡ 3ರಷ್ಟು ಬೇಗ ಮುಗಿಸಿದರು! ಬಾಯಿಯೇ ಮಿದುಳಿಗೆ 'ಆಹಾರ ಬರುತ್ತಿದೆ, ಭಯ ಬೇಡ' ಎಂದು ಸುದ್ದಿ ಕಳುಹಿಸುತ್ತದೆಂದು ವಿದ್ವಾಂಸರು ಭಾವಿಸುತ್ತಾರೆ. ಕ್ರಿಸ್ಟೆನ್ಸನ್ ಮತ್ತು ಹ್ಯಾನ್ಸನ್ 1939ರಲ್ಲಿ ಮಿದುಳಿನ ಕಡೆಗೆ ಬೆರಳು ತೋರಿಸಿದ್ದು ವ್ಯರ್ಥವಾಗಲಿಲ್ಲ.

ಈಗ ನನ್ನ ವಿದ್ಯಾರ್ಥಿಯ ಮಗನ ಪ್ರಶ್ನೆಗೆ ಬರೋಣ. ನಮ್ಮಲ್ಲಿ 'ಸಕ್ಕರೆ ಬಿಡುವುದು' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಕಾಫಿಗೆ ಹಾಕುವ ಸಕ್ಕರೆ, ಸಿಹಿತಿಂಡಿ, ಬಾಟಲಿಯ ಪಾನೀಯ ಇವುಗಳನ್ನು ಕಡಿಮೆ ಮಾಡುವುದು ಒಂದು. ಇದು ಸ್ತುತ್ಯರ್ಹ. ಇಂತಹ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಆಹಾರಶಕ್ತಿಯ ಶೇಕಡ 10ಕ್ಕಿಂತ ಕಡಿಮೆಯಿರಬೇಕು, 5ಕ್ಕಿಂತ ಕಡಿಮೆಯಾದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿದೆ. ಊಟದಲ್ಲಿ ಮುದ್ದೆ, ಅನ್ನ, ರೊಟ್ಟಿ, ಬೇಳೆ, ಹಣ್ಣುಗಳು ಸಾಕಷ್ಟಿದ್ದರೆ ಇದರಿಂದ ಸೈಕಲ್ಲಿನ ಬಲ ಕುಂದಬೇಕಾಗಿಲ್ಲ. ಕಣಜಕ್ಕೆ ಕಾಳು ಯಾವ ಹೊಲದಿಂದ ಬಂದರೇನು? ಎರಡನೆಯದು, ಶರ್ಕರಪಿಷ್ಟವನ್ನೇ ಬಿಡುವುದು. ಇದರಿಂದ ಕಣಜವೇ ಬರಿದಾಗುತ್ತದೆ. ನಿಧಾನದ ಸವಾರಿಗೆ ದೇಹ ಕೆಲವು ವಾರಗಳಲ್ಲಿ ಹೊಂದಿಕೊಂಡೀತು. ಬೆಟ್ಟದ ಏರಿಗೆ, ಸ್ಪರ್ಧೆಯ ವೇಗಕ್ಕೆ ಬೆಲೆ ತೆರಲೇಬೇಕು. ಮಗನಿಗೆ ಆಗಿರುವುದು ಇದೇ. ಇನ್ನು ತೂಕದಲ್ಲಿ ಮೊದಲ ವಾರಗಳಲ್ಲಿ ಇಳಿದದ್ದರಲ್ಲಿ ಒಂದು ಪಾಲು ನೀರೆಂಬುದನ್ನೂ ಅವನು ತಿಳಿಯಬೇಕು. ಗ್ಲೈಕೋಜೆನ್ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಹೋದಾಗ ನೀರೂ ಹೋಗುತ್ತದೆ.

ಒಂದು ಗಂಟೆಯೊಳಗಿನ ಸವಾರಿಗೆ ದಾರಿಯಲ್ಲಿ ಏನನ್ನೂ ತಿನ್ನಬೇಕಾಗಿಲ್ಲ. ಅದಕ್ಕಿಂತ ದೀರ್ಘವಾದ, ಶ್ರಮದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಸಾಕೆಂಬುದು ಸಾಮಾನ್ಯ ಸಲಹೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಇತ್ತೀಚಿನ ವೃತ್ತಿಪರ ಸವಾರರು ಗಂಟೆಗೆ 90 ಗ್ರಾಂ, ಅದಕ್ಕಿಂತಲೂ ಹೆಚ್ಚು ಸೇವಿಸುತ್ತಾರೆ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕರುಳಿನಲ್ಲಿ ಬೇರೆ ಬೇರೆ ಬಾಗಿಲುಗಳಿಂದ ಒಳಹೋಗುವುದರಿಂದ ಎರಡನ್ನೂ ಬೆರೆಸಿ ಕೊಡುತ್ತಾರೆ. ನಮ್ಮ ಬೆಲ್ಲದಲ್ಲಿಯೂ ಇವೆರಡೂ ಸರಿಸಮವಾಗಿ ಕೂಡಿಕೊಂಡೇ ಇವೆ. ಆದರೆ ಅದು ಸವಾರಿಯಲ್ಲಿರುವವನ ಆಹಾರ, ಕುರ್ಚಿಯಲ್ಲಿ ಕುಳಿತವನದಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವ ಬಂಧುಗಳು ಮಾತ್ರ ದೀರ್ಘ ಸವಾರಿಗೆ ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳತಕ್ಕದ್ದು. ಜೇಬಿನಲ್ಲಿ ನಾಲ್ಕು ಸಕ್ಕರೆ ಹರಳುಗಳಿರಲಿ.

ಇನ್ನು ನನ್ನ ಮಾತು. ನಾನು ಆ ಹುಡುಗನಿಗೆ ಒಂದು ವಾರ ತಿನ್ನಿಸಿದ್ದು, ಹೆಚ್ಚುಕಡಿಮೆ, 1939ರಲ್ಲಿ ಕೋಪನ್‌ಹೇಗನ್ನಿನಲ್ಲಿ ಬೇಗ ಸೋತವರು ತಿಂದ ಆಹಾರವನ್ನೇ. ಅದಾಗಿ ಆಗಲೇ 37 ವರ್ಷಗಳಾಗಿದ್ದವು. ಸ್ವೀಡನ್ನಿನ ಉತ್ತರ ಬಂದು 9 ವರ್ಷಗಳಾಗಿದ್ದವು. ಆ ಹಳ್ಳಿಯ ಶಾಲೆಯಲ್ಲಿ ಅದು ನನಗೆ ತಿಳಿಯುವ ದಾರಿ ಇರಲಿಲ್ಲ ಎಂಬುದು ನಿಜ. ತಿಳಿಯದಿರುವುದು ತಪ್ಪಲ್ಲ. ತಿಳಿಯದೆ ಇದ್ದಾಗ, ಕಣ್ಣೆದುರಿಗೆ ನಡುಗುತ್ತಿದ್ದ ಮಗುವನ್ನು ನೋಡಿಯೂ, ದೇಹದ ಕೊರತೆಯನ್ನು ಮನಸ್ಸಿನ ದೋಷವೆಂದು ನಾಲ್ಕು ಜನರ ಮುಂದೆ ನಿಂದಿಸಿದ್ದು ತಪ್ಪು. ಓದುಬರಹ ಬಾರದ ಆ ವೃದ್ಧೆಗೆ ಅರ್ಥವಾದದ್ದು ಪದವೀಧರನಾದ ನನಗೆ ಅರ್ಥವಾಗಲಿಲ್ಲ. ಉಪಾಧ್ಯಾಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದೀರಿ. ತರಗತಿಯಲ್ಲಿ ತೂಕಡಿಸುವ, ಲೆಕ್ಕ ತಪ್ಪುವ, ಓಟದಲ್ಲಿ ಕುಸಿಯುವ ಮಗುವನ್ನು ಸೋಮಾರಿಯೆನ್ನುವ ಮುನ್ನ 'ಬೆಳಿಗ್ಗೆ ಏನು ತಿಂದೆ?' ಎಂದು ಒಮ್ಮೆ ಕೇಳಿ.

ಮೊನ್ನೆ ಆತನಿಗೆ ದೂರವಾಣಿ ಮಾಡಿ ಮಗನಿಗೆ ಹೇಳಬೇಕಾದುದನ್ನೆಲ್ಲ ಹೇಳಿದೆ. ಕೊನೆಗೆ 1976ರ ಮಾತನ್ನೂ ತೆಗೆದೆ. ಆತ ನಕ್ಕು, "ಅದನ್ನೆಲ್ಲ ಮರೆತಿದ್ದೇನೆ ಬಿಡಿ ಮೇಷ್ಟ್ರೇ" ಎಂದ. ಮರೆತಿಲ್ಲವೆಂದು ಆ ನಗುವಿನಲ್ಲೇ ತಿಳಿಯಿತು. ನಿಂದಿಸಿದ್ದು ಎಲ್ಲರೆದುರಿಗೆ, ಕ್ಷಮೆ ಕೇಳುವುದು ಮಾತ್ರ ದೂರವಾಣಿಯಲ್ಲಿ ಗುಟ್ಟಾಗಿ ಎಂದರೆ ನ್ಯಾಯವಲ್ಲ. ಅಂದಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವರಲ್ಲಿ ಕೆಲವರಾದರೂ ಈ ಪುಟವನ್ನು ಓದುತ್ತೀರಿ. ಅವರೆಲ್ಲರೆದುರಿಗೆ ಹೇಳುತ್ತೇನೆ: ಅಂದು ಅವನ ಮನಸ್ಸು ಸೋತಿರಲಿಲ್ಲ. ಬರಿದಾದ ಕಣಜದಿಂದ ಮೂವತ್ತು ಕಿಲೋಮೀಟರ್‌ವರೆಗೆ ಎಲ್ಲರಿಗಿಂತ ಮುಂದಿದ್ದು, ಬಿದ್ದ ಮೇಲೆ ಎದ್ದು ಗುರಿ ಮುಟ್ಟಿದವನು ಅವನು. ತಪ್ಪು ಅವನ ಮೇಷ್ಟ್ರದು.